ನಾಗಲಿಂಗಪ್ಪನವರ ಸಹಿ

೧೯೯೮ರ ನವೆಂಬರ್ ೧೨, ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ನೇತ್ರಾ ವಿಲಾಯಿತಿಯ ಹ್ಯಾರೋ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಳು. ಅವಳ ತಂದೆ, ಧಾರವಾಡದ ಪಂಡಿತ ನಾಗಲಿಂಗಪ್ಪನವರು, ತೀರಿಕೊಂಡು ಮೂರು ವಾರವಾಗಿತ್ತು. ಅವರು ಆಯುಷ್ಯವಿಡೀ ಕಟ್ಟಿದ ನಲವತ್ತು ಸಂಗೀತ ರಚನೆಗಳ, ಹಾಳೆಗೊಂದರಂತೆ ಬರೆದ ಹಸ್ತಪ್ರತಿ ಸೌತ್‌ಹಾಲಿನ ಪ್ರಕಾಶಕರಲ್ಲಿ ಅಚ್ಚಿಗೆ ಸಿದ್ಧವಾಗಿತ್ತು. ಬೇರೆ ಪ್ರತಿಯಿರಲಿಲ್ಲ.

"ನಿನ್ನೆ ಅಪ್ಪನ ಶಿಷ್ಯ ಲಕ್ಷ್ಮೀಶ ಕಾಕಾ ಒಂದು ಪತ್ರ ಒಯ್ದು ಕೊಟ್ಟಾನ್ರೀ. 'ಅಚ್ಚು ಹಾಕಬೇಡಿ, ಲಕ್ಷ್ಮೀಶನ ಕೈಗೆ ಕೊಡಿ, ಸುಟ್ಟುಹಾಕಲಿ' ಅಂತ ಅಪ್ಪ ಬರದಾರಂತ. ಪ್ರಕಾಶಕರು ಕೊಟ್ಟೂಬಿಟ್ಟಾರ!"

"ಅಕ್ಷರ ನಿಮ್ಮಪ್ಪಾರದ ಹೌದೇನ್ರೀ?" ಸಾರ್ಜೆಂಟ್ ಶರಣಬಸವ ಕೇಳಿದ.

"ಅಕ್ಷರ ಅವರದ. ಮಾತು ಅವರದಲ್ರೀ."

ಶರಣಬಸವ ಪ್ರಕಾಶಕರಿಂದ ಆ ಪತ್ರವನ್ನೂ ನೇತ್ರಾಳ ಬಳಿಯಿದ್ದ ಹತ್ತು ಹಳೆಯ ಪತ್ರಗಳನ್ನೂ ವಶಕ್ಕೆ ಪಡೆದು ಮಹಜರು ಬರೆದ. ಹೊಸ ಪತ್ರದಲ್ಲಿ ಮಾತ್ರ ಸಹಿಗೆ ಮುಂಚೆ ಶಾಯಿಯ ದಪ್ಪ ಚುಕ್ಕೆಯಿತ್ತು. ನಿಬ್ಬು ಅಲ್ಲಿ ತಡೆದು ನಿಂತಿತ್ತು.

ಮಧ್ಯಾಹ್ನ ಮೂರೂ ಇಪ್ಪತ್ತು. ಕೆಂಟನ್ ಬಡಾವಣೆಯಲ್ಲಿ ಲಕ್ಷ್ಮೀಶನ ಮನೆಯೊಳಗೆ ಹಾಡು ಕೇಳುತ್ತಿತ್ತು. ಬಾಗಿಲು ಬಡಿದೊಡನೆ ನಿಂತಿತು. ಕದ ತೆರೆದರೆ ಸುಟ್ಟ ಕಾಗದದ ವಾಸನೆ. ಕಾನ್‌ಸ್ಟೆಬಲ್ ಆಲನ್ ಒಳಗೆ ನುಗ್ಗಿ, ಒಲೆಯ ಪಕ್ಕದಲ್ಲಿದ್ದ ಹಾಳೆಗಳನ್ನು ಎತ್ತಿಕೊಂಡ. ಹತ್ತೊಂಬತ್ತು ಉಳಿದಿದ್ದವು.

"ಗುರುಗಳ ಅಪ್ಪಣೆಗೆ ಅಡ್ಡ ಬರಬ್ಯಾಡ್ರಿ," ಎಂದ ಲಕ್ಷ್ಮೀಶ.

"ಇಲ್ರೀ. ನಾ ಹೇಳಿದ್ದಷ್ಟು ಬರೀರಿ."

ಶರಣಬಸವ ಅದೇ ಪತ್ರವನ್ನು ಹೇಳುತ್ತ ಹೋದ. ಲಕ್ಷ್ಮೀಶ ಸರಸರ ಬರೆದ; ಅಕ್ಷರ ಗುರುವಿನದರಂತೆಯೇ ಇತ್ತು. ಗುರುವಿನ ಹೆಸರು ಬಂದಾಗ ನಿಬ್ಬು ನಿಂತಲ್ಲೇ ನಿಂತಿತು. ಎಡಗೈ ತಾನಾಗಿ ಎದ್ದು ಕಿವಿ ಮುಟ್ಟಿತು. ಗುರುವಿನ ಹೆಸರೆತ್ತಿದಾಗ ಕಿವಿ ಮುಟ್ಟುವುದು ಗಾಯಕರ ಪದ್ಧತಿ. ಕಾಗದದ ಮೇಲೆ ಚುಕ್ಕೆ ಹರಡಿತು.

"ತನ್ನ ಹೆಸರಿಗೆ ತಾನ ಯಾರೂ ಕಿವಿ ಹಿಡ್ಕೊಳ್ಳಂಗಿಲ್ರೀ, ಕಾಕಾ."

"ಕಳ್ಳ ಸಹಿ ಹಾಕುವಾಗಲೂ ನಮಸ್ಕಾರ ಮಾಡಿದ್ದೀರಲ್ಲ ಮಾರಾಯ್ರೆ!" ಎಂದ, ಮೂಲತಃ ಕರಾವಳಿಯವನಾದ ಆಲನ್.

ಲಕ್ಷ್ಮೀಶ ಎರಡೂ ಚುಕ್ಕೆಗಳನ್ನು ನೋಡಿ ಪೆನ್ನು ಕೆಳಗಿಟ್ಟ. ನಾಲ್ಕೂ ಹತ್ತಕ್ಕೆ ಬಂಧನ.

ಹೇಳಿಕೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. "ಒಂದೊಂದು ರಚನೆಗೂ ವರ್ಷಗಟ್ಟಲೆ ಅವರ ಮುಂದ ಕೂತೇನಿ. ಕಡೀಕ ಅಂಗಡ್ಯಾಗ ಇಡಾಕ ಕೊಟ್ರು. ನನಗ ಒಂದು ಮಾತೂ ಕೇಳಲಿಲ್ಲ. ಒಂದೊಂದನ್ನೂ ಹಾಡಿ, ತಪ್ಪಿಲ್ಲಂತ ನೋಡಿ, ಆಮ್ಯಾಲ ಸುಟ್ಟೇನಿ."

"ಸುಟ್ಟ ಇಪ್ಪತ್ತೊಂದನ್ನ ನೇತ್ರಾಗ ಬರೆಸಿಕೊಡ್ರಿ."

"ಬರೆಸೂದಿಲ್ಲ. ಮುಂದ ಕೂತು ಕಲೀಲಿ."

ಶರಣಬಸವ ಅದನ್ನು ಹಾಗೆಯೇ ಅವಳಿಗೆ ತಿಳಿಸಿದ. ಉಳಿದ ಹಾಳೆಗಳನ್ನು ಗಾಜಿನಾಚೆಯಿಂದ ನೋಡುತ್ತಿದ್ದ ನೇತ್ರಾ ಅವನತ್ತ ತಿರುಗಿದಳು. ಅಪ್ಪನ ಬಳಿ ಅವಳು ಒಂದು ದಿನವೂ ಹಾಡಲು ಕೂತವಳಲ್ಲ.

"ಕಲಿಯಾಕ ಎಷ್ಟು ವರ್ಷ ಹಿಡೀತದಂತ್ರೀ?"

ಶರಣಬಸವನ ಕಣ್ಣು ಬಂಧನದ ಹಾಳೆಯತ್ತ ಹೋಯಿತು. ಲಕ್ಷ್ಮೀಶನ ವಯಸ್ಸು: ಎಪ್ಪತ್ತೊಂದು.