ಹನ್ನೆರಡು ಮಕ್ಕಳು ಬರೆದ ಒಂದೇ ತಲೆಬರಹ

ಗೀತಾಂಜಲಿ ಹನ್ನೆರಡು ಉತ್ತರ ಪತ್ರಿಕೆಗಳನ್ನು ಪ್ರಬುದ್ಧನ ಮುಂದೆ ಇಟ್ಟಳು.

“ಈ ತಲೆಬರಹ ನನ್ನ ನೋಟ್‌ಬುಕ್ಕಿನಾಗ ಬಿಟ್ರ ಬ್ಯಾರೆ ಎಲ್ಲೂ ಇರಲಿಲ್ಲ ಸರ್. ಹುಡುಗ್ರಿಗೆ ಹೆಂಗ ಸಿಕ್ತು?”

ಪಕ್ಕದಲ್ಲಿ ಹೆಡ್‌ಮಾಸ್ಟರ್ ಉಜ್ಜಿನಪ್ಪನವರು ನಿಂತಿದ್ದರು. ಅವರನ್ನು ಕರೆತಂದವಳೂ ಅವಳೇ.

ಕಾನಹೊಸಹಳ್ಳಿಯಿಂದ ಒಳಗಿರುವ ಆ ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಗೀತಾಂಜಲಿ ಖಾಯಂ ಕನ್ನಡ ಶಿಕ್ಷಕಿ. ಪ್ರಬುದ್ಧ ಜುಲೈನಲ್ಲಿ ಬಂದ ಅತಿಥಿ ಶಿಕ್ಷಕ. ಹತ್ತನೇ ತರಗತಿಯಲ್ಲಿ ಓದಲು ತಡವರಿಸುವ ಹನ್ನೆರಡು ಮಕ್ಕಳಿಗೆ ಅವನು ದಿನಾ ಸಂಜೆ ಪಾಠ ಹೇಳುತ್ತಿದ್ದ. ಪುಸ್ತಕದಲ್ಲಿಲ್ಲದ ಗದ್ಯಾಂಶ ಕೊಟ್ಟು ಪ್ರಶ್ನೆ ಕೇಳುತ್ತಾರಲ್ಲ, ಆ ಮಕ್ಕಳಿಗೆ ಅದೆಂದರೆ ಜೀವಭಯ.

ಪೂರ್ವಸಿದ್ಧತಾ ಪರೀಕ್ಷೆಗೆ ಹುಣಸೆಮರದ ಬಗ್ಗೆ ಒಂದು ಗದ್ಯಾಂಶವನ್ನು ಗೀತಾಂಜಲಿಯೇ ಬರೆದಿದ್ದಳು. ಕೊನೆಯ ಪ್ರಶ್ನೆ: ಸೂಕ್ತ ತಲೆಬರಹ ಕೊಡಿ. ಉಳಿದವರು ಮನಸ್ಸಿಗೆ ಬಂದಂತೆ ಬರೆದರೆ, ಅವನ ಹನ್ನೆರಡೂ ಮಕ್ಕಳು ‘ಊರ ಹುಣಸೆ’ ಎಂದೇ ಬರೆದಿದ್ದರು. ಅದೇ ಉತ್ತರ ಬರೆದಿಟ್ಟಿದ್ದ ಅವಳ ನೋಟ್‌ಬುಕ್ ಎರಡು ದಿನ ಸ್ಟಾಫ್ ರೂಮಿನ ಮೇಜಿನ ಮೇಲೆ ಬಿದ್ದಿತ್ತು. ಎದುರಿಗೆ ಕೂರುವವನು ಅವನೇ...

ಪ್ರಬುದ್ಧ ಪತ್ರಿಕೆಗಳನ್ನು ಮುಟ್ಟಲಿಲ್ಲ.

“ಬ್ಯಾರೆ ಮೇಷ್ಟ್ರಾಗಿದ್ರ ಮೊದಲು ಅವರನ್ನ ಕೇಳ್ತಿದ್ರಿ. ನಮ್ಮ ಮನಿ ಯಾವ ಕೇರ್ಯಾಗ ಐತಿ ಅಂತ ಗೊತ್ತೈತಲ್ಲ, ಅದಕ್ಕ ಹಿಂಗಾತೇನ್ರಿ ಮೇಡಂ?”

ಅವಳು ಪತ್ರಿಕೆಗಳನ್ನು ಒಟ್ಟುಮಾಡಿ ಉಜ್ಜಿನಪ್ಪನವರ ಕೈಗೆ ಕೊಟ್ಟಳು.

ಅಂದೇ ಅವನ ಸಂಜೆಯ ಪಾಠ ನಿಂತಿತು. ಈ ತಿಂಗಳು ಮುಗಿದ ಮೇಲೆ ಶಾಲೆಗೆ ಬರುವುದು ಬೇಡವೆಂದು ಉಜ್ಜಿನಪ್ಪನವರು ಹೇಳಿದರು. ಮರುದಿನದಿಂದಲೇ ಅವನು ಬರಲಿಲ್ಲ.

ಆರು ತಿಂಗಳಿಂದ ಅವನು ಬಸ್ಸಿಳಿಯುವ ಹೊತ್ತಿಗೆ ಕಿಟಕಿಯ ಬಳಿ ನಿಲ್ಲುತ್ತಿದ್ದವಳು ಅವಳು. ಒಬ್ಬರಿಗೂ ಹೇಳಿರಲಿಲ್ಲ. ಇಷ್ಟಪಟ್ಟವನು ಮೋಸ ಮಾಡಿದ ಎಂಬ ಸಿಟ್ಟೇ ಅದು? ಅಥವಾ... ಅವನು ಅಂದದ್ದೇ ನಿಜವೇ?

ಆ ಮಕ್ಕಳ ಪಾಠ ಈಗ ಅವಳ ಪಾಲಿಗೆ ಬಂತು. ದಿನಪತ್ರಿಕೆಯಿಂದ ಜೇನಿನ ಬಗೆಗಿನ ಹೊಸ ಗದ್ಯಾಂಶವೊಂದನ್ನು ತೆಗೆದು ಕೊಟ್ಟಳು. ಶಾಂತಕುಮಾರಿ ಎಂಬ ಹುಡುಗಿ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತ, ಅಲ್ಲಲ್ಲಿ ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದಳು. ಏನು ಮಾಡುತ್ತಿದ್ದೀಯೆಂದು ಗೀತಾಂಜಲಿ ಕೇಳಿದಳು.

“ಯಾವ ಮಾತು ಭಾಳ ಸಲ ಬರ್ತೈತಿ ಅದನ್ನ ಎಣಸಬೇಕ್ರಿ ಮಿಸ್. ಅದ ತಲೆಬರಹ ಅಂತ ಪ್ರಬುದ್ಧ ಸರ್ ಹೇಳ್ಯಾರ.”

ಹನ್ನೆರಡೂ ಮಕ್ಕಳು ಒಂದೇ ತಲೆಬರಹ ಬರೆದುಕೊಟ್ಟರು.

ಗೀತಾಂಜಲಿ ತಾನು ಬರೆದ ಗದ್ಯಾಂಶ ತೆಗೆದು ಎಣಿಸಿದಳು. ‘ಊರ ಹುಣಸೆ’ ಏಳು ಸಲ ಬಂದಿತ್ತು! ಬರೆದವಳಿಗೇ ಅದು ಕಂಡಿರಲಿಲ್ಲ.

ಮರುದಿನ ಪ್ರಾರ್ಥನೆಗೆ ಮೊದಲು ಎಲ್ಲ ಶಿಕ್ಷಕರ ಎದುರು ತಪ್ಪು ತನ್ನದೆಂದಳು. ಒಂದು ಮಾತೂ ಕೇಳದೆ ಅವನನ್ನು ಕಳ್ಳನೆಂದುಕೊಂಡೆ, ಬೇರೆಯವರಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂದೂ ಹೇಳಿದಳು. ಉಜ್ಜಿನಪ್ಪನವರು ತಾವೇ ಫೋನ್ ಮಾಡಿ ಪ್ರಬುದ್ಧನನ್ನು ಕರೆದರು. ಮಕ್ಕಳ ಸಲುವಾಗಿ ಸೋಮವಾರ ಬರುತ್ತೇನೆ ಎಂದನಂತೆ.

ಸೋಮವಾರ ಕಾನಹೊಸಹಳ್ಳಿ ಬಸ್ ನಿಲ್ದಾಣದಲ್ಲಿ ಅವನು ಶಾಲೆಯ ಊರಿನ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತಿದ್ದ. ಗೀತಾಂಜಲಿ ಎದುರು ಹೋಗಿ ನಿಂತು ಕ್ಷಮೆ ಕೇಳಿದಳು.

“ಸಿಟ್ಟಿಲ್ಲ ಅಂದ್ರ ಸುಳ್ಳಾಕ್ಕೈತ್ರಿ” ಎಂದ.

“ಇರಲಿ. ಅವತ್ತ ನಿಮ್ಮನ್ನ ಕೇಳ್ದಂಗ ತೀರ್ಪು ಕೊಟ್ಟೆ. ಇವತ್ತ ಒಂದು ಮಾತು ಕೇಳಾಕ ಬಂದೀನಿ... ನನ್ನ ಜೋಡಿ ಬಾಳ್ವೆ ಮಾಡ್ತೀರೇನು?”

ಅವನು ತಬ್ಬಿಬ್ಬಾದ.

“ನಿಮ್ಮ ಮನ್ಯಾಗ ಒಪ್ಪಂಗಿಲ್ಲ.”

“ನಿನ್ನೆ ಅಪ್ಪಗ ಹೇಳಿದೆ. ಮಾತು ಬಿಟ್ಟಾರ.”

“ನನ್ನ ಕೇಳೋಕಿಂತ ಮೊದಲ ಹೇಳಿದ್ರೇನು?”

“ನೀವು ಒಲ್ಲೆ ಅಂದ್ರೂ ನನ್ನ ಮನಸು ಸುಳ್ಳಾಗಂಗಿಲ್ಲಲ್ರಿ.”

ಪ್ರಬುದ್ಧನ ಕಣ್ಣು ತುಂಬಿದವು. ಪಕ್ಕದಲ್ಲಿದ್ದ ಚೀಲ ತೆಗೆದು ತೊಡೆಯ ಮೇಲಿಟ್ಟುಕೊಂಡ. ಖಾಲಿಯಾದ ಜಾಗದಲ್ಲಿ ಅವಳು ಕೂತಳು.

“ನಾನೂ ಜುಲೈನಿಂದ ಬಾಯಿ ಬಿಡದಂಗ ಇದ್ದೆ” ಎಂದ ಮೆಲ್ಲಗೆ. “ಇನ್ನೊಂದ್ಸಲ ನಿಮ್ಮಪ್ಪಾರ ಹತ್ರ ಒಬ್ಬರ ಹೋಗಬ್ಯಾಡ್ರಿ. ನಾನೂ ಬರ್ತೀನಿ.”

“ಬೈತಾರ.”

“ಬೈಲಿ. ಇಬ್ರೂ ಕೂತು ಕೇಳೂನು.”