ಅಲುಗದ ಬಾವುಟ

"ಡಾರ್ಸೀ! ಬಾವುಟದ ಡಬ್ಬಿ ಎಲ್ಲೇ? ಕ್ಲೆಮ್ ಹೊರಡ್ತಾ ಇದಾನೆ!"

ಅಮ್ಮನ ಕೂಗು ಅಡುಗೆಮನೆಯಿಂದ ಬಂತು. ಕೊಟ್ಟಿಗೆಯಾಚೆಯ ಕೆಂಪು ಮಣ್ಣಿನ ರನ್‌ವೇಯಲ್ಲಿ ಪೈಲಟ್ ಕ್ಲೆಮ್‌ನ ಅಂಚೆ ವಿಮಾನ ಆಗಲೇ ಗುರುಗುಡುತ್ತಿತ್ತು. ಅದು ಬರುವುದು ವಾರಕ್ಕೊಮ್ಮೆ ಮಾತ್ರ.

ಡಾರ್ಸಿ ಹಾಸಿಗೆಯ ಮೇಲೆ ಸೂಜಿ ದಾರದ ಜೊತೆ ಗುದ್ದಾಡುತ್ತಿದ್ದಳು. ನೀಲಿ ಬಾವುಟದ ಅಂಚಿನಲ್ಲಿ ತಮ್ಮ ಹೊಲದ ಗಾಳಿಯಂತ್ರವನ್ನು ಹೊಲಿಯಬೇಕಿತ್ತು. ಅದು ಎಷ್ಟು ಸಲ ಬಿಚ್ಚಿ ಹೊಲಿದರೂ ಸೂರ್ಯಕಾಂತಿಯ ಹಾಗೇ ಕಾಣುತ್ತಿತ್ತು.

"ಇನ್ನೂ ಮುಗಿದಿಲ್ಲಮ್ಮಾ! ಮುಂದಿನ ವಾರ ಕೊಡ್ತೀನಿ ಅನ್ನು!"

ವಿಮಾನ ಧೂಳೆಬ್ಬಿಸಿ ಹಾರಿಹೋಯಿತು. ಡಾರ್ಸಿ ಮತ್ತೆ ದಾರ ಬಿಚ್ಚತೊಡಗಿದಳು.

ಅವಳ ಗೈಡ್ಸ್ ಗುಂಪಿನಲ್ಲಿ ಇದ್ದವರು ಆರೇ ಹುಡುಗಿಯರು. ಒಬ್ಬೊಬ್ಬರದೂ ಒಂದೊಂದು ದಿಕ್ಕು. ಎಲ್ಲರೂ ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ದನದ ಫಾರಂಗಳಲ್ಲೇ ಬೆಳೆದವರು. ವಿಡಿಯೊ ಮೀಟಿಂಗ್ ನಡೆಯುವುದು ಟ್ಯಾಬ್ಲೆಟ್‌ನಲ್ಲಿ. ಕೈಯಲ್ಲಿ ಮುಟ್ಟಬಹುದಾದದ್ದು ಅಂತ ಆ ಗುಂಪಿಗೆ ಇದ್ದದ್ದು ಒಂದೇ, ಈ ಬಾವುಟ. ಅದು ಡಬ್ಬಿಯೊಳಗೆ ಕೂತು ಅಂಚೆ ವಿಮಾನದಲ್ಲಿ ಮನೆಯಿಂದ ಮನೆಗೆ ತಿರುಗುತ್ತಿತ್ತು. ಪ್ರತಿ ಹುಡುಗಿಯೂ ತನ್ನ ಮನೆಯ ಗುರುತೊಂದನ್ನು ಅದರ ಅಂಚಿಗೆ ಹೊಲಿದು ಮುಂದಕ್ಕೆ ಕಳಿಸಬೇಕು. ಹೊಸ ಹುಡುಗಿ ಪ್ರತಿಜ್ಞೆ ಮಾಡುವಾಗ ಅದರ ಮೂಲೆ ಹಿಡಿದುಕೊಳ್ಳಬೇಕು. ಅದು ಗುಂಪಿನ ಪದ್ಧತಿ. ಈ ಸಲ ಆ ಸರದಿ ವಿನ್ನಿಯದು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಕೇಳಿದ, "ವಿನ್ನಿ ಪ್ರತಿಜ್ಞೆ ಯಾವಾಗ?"

"ಮುಂದಿನ ಶನಿವಾರ. ಅಷ್ಟರಲ್ಲಿ ಕ್ಲೆಮ್ ಬಂದಿರ್ತಾನಲ್ಲ? ವಿನ್ನಿಯವರು ಪಕ್ಕದ ಫಾರಂನವರೇ ತಾನೆ."

"ಪಕ್ಕದವರಾದ್ರೇನು ಪುಟ್ಟಿ? ಅಂಚೆ ಮೊದಲು ಪೇಟೆಗೇ ಹೋಗ್ಬೇಕು. ಅಲ್ಲಿಂದ ವಿನ್ನಿ ಮನೆಗೆ ಅದರ ಮುಂದಿನ ವಾರ."

ಡಾರ್ಸಿಯ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಜೀಪಲ್ಲಿ ಕೊಟ್ಟು ಬರೋಣ್ವಾ?"

"ನಡುವಿನ ಹೊಳೆ ಉಕ್ಕಿದೆ. ರಸ್ತೆ ಬಂದ್."

ಮುಂದಿನ ವಾರ ಕ್ಲೆಮ್ ಬಂದಾಗ, ಶನಿವಾರ ಪೇಟೆಯ ಅಂಚೆ ಕಚೇರಿಯಲ್ಲಿ ಬಿದ್ದಿರುವುದಕ್ಕಿಂತ ಇಲ್ಲೇ ಇರಲೆಂದು ಡಾರ್ಸಿ ಡಬ್ಬಿಯನ್ನು ಕೊಡಲಿಲ್ಲ. ವಿನ್ನಿಯ ಪ್ರತಿಜ್ಞೆ ಮೊದಲೇ ಎರಡು ಸಲ ಮುಂದಕ್ಕೆ ಹೋಗಿತ್ತು. ಈ ಸಲ ಅದನ್ನು ನೋಡಲೆಂದೇ ಅವಳ ಅಜ್ಜಿ ದೂರದಿಂದ ಬಂದಿದ್ದರು. ಭಾನುವಾರ ಹೊರಟುಬಿಡುತ್ತಾರೆ.

"ವಿಮಾನ ಬರ್ಲಿಲ್ಲ ಅಂತ ಹೇಳಿಬಿಡ್ಲಾ?" ಎಂದಳು ಡಾರ್ಸಿ.

"ಹೇಳು," ಅಂದ ಅಪ್ಪ. "ನಮ್ಮನೇಲಿ ಎರಡು ಕಪ್ ಟೀ ಕುಡಿದು, ಅರ್ಧ ಕೇಕ್ ತಿಂದು ಹೋದ ಕ್ಲೆಮ್ ಯಾರು ಅಂತ ನಾನೂ ಯೋಚಿಸ್ತೀನಿ."

ಶನಿವಾರ ಟ್ಯಾಬ್ಲೆಟ್ ತೆರೆದ ಕೂಡಲೇ ಡಾರ್ಸಿ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು. "ಬಾವುಟ ಇಲ್ಲೇ ಇದೆ. ವಿಮಾನ ಬಂದಿತ್ತು. ಹೊಲಿಗೆ ಚೆನ್ನಾಗಿಲ್ಲ ಅಂತ ನಾನೇ ಕೊಡ್ಲಿಲ್ಲ. ಸಾರಿ, ವಿನ್ನಿ."

"ಇಷ್ಟು ದಿನ ಹೂವು ಹೊಲೀತಾ ಕೂತಿದ್ಯಾ?" ಎಂದಳು ಜೊಸೆಟ್. ಗುಂಪಿನಲ್ಲಿ ಎಲ್ಲರಿಗಿಂತ ಬಾಯಿ ಜೋರು ಅವಳದು.

"ಹೂವಲ್ಲ, ಗಾಳಿಯಂತ್ರ!"

"ಪರವಾಗಿಲ್ಲ," ಎಂದಳು ವಿನ್ನಿ. ದನಿ ಸಣ್ಣಗಿತ್ತು. ಅವಳ ಹಿಂದೆ ಅಜ್ಜಿ ಟೋಪಿ ಹಾಕಿಕೊಂಡು ಸಿದ್ಧರಾಗಿ ಕೂತಿದ್ದರು. ಅದನ್ನು ನೋಡಿ ಡಾರ್ಸಿಗೆ ಅಳು ಬಂದಂತಾಯಿತು.

"ನಾನು ಹಿಡ್ಕೋತೀನಿ!" ಎಂದಳು ತಟ್ಟನೆ. "ವಿನ್ನಿ ಮುಗಿಸೋವರೆಗೂ ಕ್ಯಾಮೆರಾ ಮುಂದೆ ಬಾವುಟ ಹಿಡ್ಕೊಂಡೇ ಇರ್ತೀನಿ."

"ನಿನ್ನ ನೆಟ್‌ವರ್ಕ್‌ನಲ್ಲಾ? ಬಾಯಿ ತೆರ್ಕೊಂಡು ಫ್ರೀಜ್ ಆಗ್ತೀಯ ನೀನು!" ಜೊಸೆಟ್ ನಕ್ಕಳು.

"ಹಿಡಿಯಲಿ," ಎಂದರು ಲೀಡರ್. ಅವರನ್ನು ಎಲ್ಲರೂ ಅಲ್ಲಿನ ಹಳದಿ ಹೂವಿನ ಹೆಸರಿಟ್ಟು ವಾಟಲ್ ಎಂದೇ ಕರೆಯುತ್ತಿದ್ದರು. "ವಿನ್ನಿ, ಟೈಮ್ ಬಂದಾಗ ಸ್ಕ್ರೀನ್ ಮೇಲಿನ ಬಾವುಟದ ಮೂಲೆಗೆ ಬೆರಳಿಡು."

ಡಾರ್ಸಿ ಎರಡೂ ಕೈಯೆತ್ತಿ ಬಾವುಟ ಹಿಡಿದಳು. ಸ್ವಲ್ಪ ಹೊತ್ತಿಗೇ ಅವಳ ಟ್ಯಾಬ್ಲೆಟ್‌ನಲ್ಲಿ ಎಲ್ಲರ ಮುಖಗಳೂ ನಿಂತುಹೋದವು. ದನಿ ಮಾತ್ರ ಕೇಳುತ್ತಿತ್ತು. ತಾನು ಅವರಿಗೆ ಕಾಣುತ್ತಿದ್ದೇನೋ ಇಲ್ಲವೋ? ಕೇಳೋಣವೆಂದರೆ ವಿನ್ನಿ ಮಾತಾಡುತ್ತಿದ್ದಳು.

ವಿನ್ನಿ ಒಂದು ವರ್ಷದಲ್ಲಿ ಕಲಿತದ್ದನ್ನೆಲ್ಲ ಹೇಳಿದಳು. ಡಾರ್ಸಿಯ ತೋಳು ಸೋತಿತು. ಮೂಗಿನ ಮೇಲೆ ನೊಣ ಕೂತಿತು. ಅವಳು ಉಫ್ ಎಂದು ಊದಿದಳು, ಕೈ ಮಾತ್ರ ಇಳಿಸಲಿಲ್ಲ.

ಕೊನೆಗೆ ವಿನ್ನಿ ಪ್ರತಿಜ್ಞೆ ಹೇಳಿ ಮುಗಿಸಿದಳು. ಅಜ್ಜಿ ಮೂಗು ಎಳೆದುಕೊಂಡ ಸದ್ದೂ ಕೇಳಿತು.

"ಬಾವುಟ ಒಂಚೂರೂ ಅಲುಗಲಿಲ್ಲ!" ಜೊಸೆಟ್ ಕಿಸಕ್ಕೆಂದಳು. "ಅಲುಗೋದು ಹೇಗೆ? ಡಾರ್ಸಿ ಶುರುವಿನಲ್ಲೇ ಫ್ರೀಜ್ ಆಗಿದ್ಲು!"

ಎಲ್ಲರೂ ನಕ್ಕರು. ವಿನ್ನಿ ನಗಲಿಲ್ಲ. "ಡಾರ್ಸಿ, ಈಗೇನು ಮಾಡ್ತಿದ್ದೀಯಾ?"

"ಹಿಡ್ಕೊಂಡಿದ್ದೀನಿ. ಇಳಿಸು ಅಂತ ಯಾರೂ ಹೇಳ್ಲಿಲ್ವಲ್ಲ."

"ಇಷ್ಟು ಹೊತ್ತೂ?"

"ಹೂಂ."



"ಆ ಹೂವನ್ನ ಬಿಚ್ಚಬೇಡ ಕಣೇ," ಎಂದಳು ವಿನ್ನಿ. "ನಾನು ಬೆರಳಿಟ್ಟಿದ್ದು ಅದರ ಮೇಲೇನೇ."

'ಹೂವಲ್ಲ' ಎನ್ನಲು ಬಾಯಿ ತೆರೆದ ಡಾರ್ಸಿ 'ಆಯ್ತು' ಎಂದಳು. ಮೆಲ್ಲನೆ ಕೈ ಇಳಿಸಿ ಬಾವುಟವನ್ನು ಮಡಚಿದಳು.

ಮುಂದಿನ ಅಂಚೆಯ ದಿನ ಅಮ್ಮ ಕೂಗುವ ಮೊದಲೇ ಡಾರ್ಸಿ ರನ್‌ವೇಯ ಪಕ್ಕದಲ್ಲಿದ್ದಳು. ಡಬ್ಬಿಯೊಳಗಿನ ಗಾಳಿಯಂತ್ರ ಈಗಲೂ ಸೂರ್ಯಕಾಂತಿಯ ಹಾಗೇ ಇತ್ತು.

"ಇನ್ನೂ ಟೈಮಿದೆ ಕಣೇ, ಡಬ್ಬಿ ಕೆಳಗಿಟ್ಟು ತಿಂಡಿ ತಿನ್ನು ಬಾ," ಅಂದಳು ಹುಡುಕಿಕೊಂಡು ಬಂದ ಅಮ್ಮ.

"ಇರ್ಲಿ ಬಿಡಮ್ಮ," ಎಂದು ಡಾರ್ಸಿ ಡಬ್ಬಿಯನ್ನು ಎದೆಗೊತ್ತಿಕೊಂಡು, ಖಾಲಿ ಆಕಾಶವನ್ನೇ ನೋಡುತ್ತ ನಿಂತಳು.