ಆರು ಮಾರು ಕೆಳಗಿನ ಕಳ್ಳ

"ಸಿಕ್ತಾ ಕಳ್ಳ?"

ಮಿಲೂಷ್ಕ ಇನ್ನೂ ಸೊಂಟದವರೆಗೆ ನೀರಿನಲ್ಲೇ ಇದ್ದಳು. ಬೆನ್ನಿಗೆ ಗಾಳಿಯ ಸಿಲಿಂಡರ್, ಕಾಲಿಗೆ ಬಾತುಕೋಳಿಯ ಪಾದದಂಥ ಫಿನ್ಸ್. ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತ ದಡಕ್ಕೆ ಬರುತ್ತಿದ್ದವಳು ವೇಲೊನ ದನಿ ಕೇಳಿ ಅಲ್ಲೇ ನಿಂತಳು.

"ಇಲ್ಲ ವೇಲೊ. ಇವತ್ತೂ ಬರೀ ಮರಳು."

ವೇಲೊ ಅಂದರೆ ತಾತ, ಅಮ್ಮನ ಅಪ್ಪ. ರಸ್ತೆಯಂಚಿನಲ್ಲಿ ನಿಲ್ಲಿಸಿದ್ದ ಪಿಕಪ್ ಗಾಡಿಯ ಹಿಂಬದಿಯಲ್ಲಿ, ಹುಲ್ಲಿನ ಟೋಪಿ ಹಾಕಿಕೊಂಡು, ಕಾಲು ಇಳಿಬಿಟ್ಟು ಕೂತಿದ್ದ. ಮುಖ ಸಮುದ್ರದ ಕಡೆಗೇ ಇತ್ತು. ಕಣ್ಣಿಗೆ ಮಾತ್ರ ಸಮುದ್ರ ಕಾಣುತ್ತಿರಲಿಲ್ಲ.

"ಮರಳಲ್ಲದೆ ಇನ್ನೇನು ಕಾಣತ್ತೆ!" ಅಣ್ಣ ಜಾಂದ್ರೊ ಮಾಸ್ಕನ್ನು ಹಣೆಗೇರಿಸಿ ನಕ್ಕ. "ಇವಳು ಕಾಲು ಬಡಿದ್ರೆ ಸಮುದ್ರದ ತಳಾನೇ ಎದ್ದು ಬರತ್ತೆ. ಕತ್ತೆ ಒದ್ದ ಹಾಗೆ ಒದೀತಾಳೆ ವೇಲೊ."

"ನೀನೇ ಕತ್ತೆ!"

"ಇಬ್ರೂ ಸಾಕು," ಅಂದಳು ಅಮ್ಮ. "ಮೊದಲು ಫಿನ್ಸ್ ಬಿಚ್ಚಿ."

ವೇಲೊ ನಗಲಿಲ್ಲ, ಬೈಯಲೂ ಇಲ್ಲ. "ಇರ್ಲಿ ಬಿಡು," ಅಂದ. ಹೋದ ವರ್ಷವಾಗಿದ್ದರೆ "ಮುಂದಿನ ವರ್ಷ ನೋಡೋಣ" ಅನ್ನುತ್ತಿದ್ದ. ಈಗೀಗ ಅವನು ಮುಂದಿನ ವರ್ಷದ ಮಾತನ್ನೇ ಆಡುತ್ತಿರಲಿಲ್ಲ. ಅದು ಮಿಲೂಷ್ಕಳಿಗೆ ಗೊತ್ತಾಗಿತ್ತು. ಬೇರೆ ಯಾರಿಗೆ ಗೊತ್ತಾಗಿದೆಯೋ ಅವಳು ಕೇಳಿರಲಿಲ್ಲ.

ಈ ಬೊನೇರ್ ದ್ವೀಪದ ಸಮುದ್ರದಲ್ಲಿ ವೇಲೊ ನಲವತ್ತು ವರ್ಷ ಮೀನು ಹಿಡಿದಿದ್ದ. ಬಲೆ ಇಲ್ಲ, ಕೋಲಿಲ್ಲ. ಬರೀ ಒಂದು ಗಾಳದ ದಾರ, ಅದರ ತುದಿಗೆ ಸೀಸದ ಗುಂಡು. ಈಜು ಮಾತ್ರ ಬರುತ್ತಿರಲಿಲ್ಲ. "ಈಜೋಕೆ ಮೀನಿದೆಯಲ್ಲ, ನಾನ್ಯಾಕೆ?" ಅನ್ನುತ್ತಿದ್ದ.

ನೀರಿನ ತಳವನ್ನು ಅವನು ಬೆರಳಿನಲ್ಲೇ ನೋಡುತ್ತಿದ್ದ. ಗುಂಡು ಮರಳಿಗೆ ಬಿದ್ದರೆ ದಾರ ಮೆತ್ತಗೆ ನಿಲ್ಲುತ್ತದಂತೆ. ಬಂಡೆಗೆ ಬಿದ್ದರೆ ಬೆರಳಿಗೆ ಟಕ್ ಅನ್ನುತ್ತದಂತೆ. ಒಂದೇ ಒಂದು ಜಾಗದಲ್ಲಿ ಮಾತ್ರ ಯಾವುದೋ ಒಂದು ಗುಂಡನ್ನು ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ಎಳೆದರೆ ದಾರ ತುಂಡಾಗುತ್ತಿತ್ತು. ವೇಲೊ ಅದಕ್ಕೆ ಕಳ್ಳ ಎಂದು ಹೆಸರಿಟ್ಟಿದ್ದ. ಆರು ಮಾರು ಕೆಳಗೆ ಕೂತಿರುವ ಕಳ್ಳ.

ಆಮೇಲೆ, ಏಳು ವರ್ಷದ ಹಿಂದೆ, ಅವನು ಕುರಸಾವ್ ದ್ವೀಪಕ್ಕೆ, ಮಗಳ ಮನೆಗೆ ಬಂದ. ಕಣ್ಣು ಮಬ್ಬಾಯಿತು. ಈಗ ಎದುರಿಗೆ ನಿಂತವರು ಹೊಗೆಯ ಹಾಗೆ ಕಾಣುತ್ತಾರಂತೆ.

ಮಿಲೂಷ್ಕಳಿಗೆ ಹತ್ತು ತುಂಬಿ ಮೂರು ವಾರವಾಗಿತ್ತು. ಹತ್ತು ತುಂಬುವ ಮೊದಲು ಸಿಲಿಂಡರ್ ಹೊತ್ತು ಸಮುದ್ರಕ್ಕೆ ಇಳಿಯಲು ಅಮ್ಮ ಬಿಡುತ್ತಿರಲಿಲ್ಲ. ಊರಿನಲ್ಲಿ ಅಮ್ಮನ ಕೆಲಸವೇ ಜನರಿಗೆ ಡೈವಿಂಗ್ ಕಲಿಸುವುದು. ಹುಟ್ಟುಹಬ್ಬದ ದಿನ ವೇಲೊ ಮೊಮ್ಮಗಳ ಕೈ ಹಿಡಿದುಕೊಂಡು ಕೇಳಿದ್ದ:

"ರಜೇಲಿ ಬೊನೇರ್‌ಗೆ ಹೋಗ್ತೀವಲ್ಲ, ಆ ಕಳ್ಳನನ್ನ ನೋಡ್ಕೊಂಡು ಬರ್ತೀಯಾ? ನನ್ನದೊಂದು ಗುಂಡು ತಂದ್ಕೊಡು, ಸಾಕು. ನಾನೇ ಎರಕ ಹೊಯ್ದಿದ್ದು. ಪ್ರತಿಯೊಂದರ ಮೇಲೂ ಎರಡು ಗೀಟು ಹಾಕಿದೀನಿ."

"ತರ್ತೀನಿ," ಎಂದಿದ್ದಳು.

ನಾಳಿದ್ದು ಬೆಳಿಗ್ಗೆ ವಿಮಾನ. ನೀರಿಗಿಳಿದವರು ಒಂದಿಡೀ ದಿನ ಬಿಟ್ಟೇ ವಿಮಾನ ಹತ್ತಬೇಕು. ಅಂದರೆ ನಾಳೆ ಬೆಳಗಿನದೇ ಕೊನೆಯ ಡೈವ್.

ಜಾಗಕ್ಕೆ ವೇಲೊ ಗುರುತು ಹೇಳಿಕೊಟ್ಟಿದ್ದ. ನೀರಿನಿಂದ ತಿರುಗಿ ನೋಡಿದರೆ ದಡದ ಬಿಳಿ ಮನೆಯೂ ಹಿಂದಿನ ಗುಡ್ಡದ ಬೋಳು ನೆತ್ತಿಯೂ ಒಂದರ ಹಿಂದೊಂದು ನಿಲ್ಲಬೇಕು. ಮೂರು ದಿನವೂ ಅವರು ಹಾಗೆಯೇ ಸರಿಹೊಂದಿಸಿಕೊಂಡು ಮುಳುಗಿದ್ದರು. ಮೂರು ದಿನವೂ ಬರೀ ಮರಳು.

ಸಂಜೆ, ಅವರು ಉಳಿದುಕೊಂಡಿದ್ದ ದೊಡ್ಡಮ್ಮನ ಮನೆಯಲ್ಲಿ ಮೀನು ಹುರಿಯುವ ಹೊತ್ತಿಗೆ ಮಿಲೂಷ್ಕಳನ್ನು ನಿಂಬೆಹಣ್ಣು ತರಲು ಕಳಿಸಿದರು. ಅಂಗಡಿಯ ದಾರಿಯಲ್ಲಿ ಒಂದು ಹಳೆಯ ಮನೆ, ಕಿತ್ತಳೆ ಬಣ್ಣದ್ದು, ಮುಂದೆ ಒಂದು ಕಲ್ಲಿನ ತೊಟ್ಟಿ. ಬೀಡಾಡಿ ಕತ್ತೆಯೊಂದು ಅದರ ಗೋಡೆಗೆ ಬೆನ್ನು ಉಜ್ಜಿ ತುರಿಸಿಕೊಳ್ಳುತ್ತಿತ್ತು. ದಿನವೂ ಅಲ್ಲೇ ಉಜ್ಜುತ್ತದೋ ಏನೋ, ಆ ಭಾಗದ ಬಣ್ಣವೆಲ್ಲ ಕೆರೆದುಹೋಗಿತ್ತು.

ಕಿತ್ತಳೆಯ ಅಡಿಯಲ್ಲಿ ಬಿಳಿ.

ಮಿಲೂಷ್ಕ ನೋಡುತ್ತಾ ನಿಂತಳು. ಆಮೇಲೆ ನಿಂಬೆಹಣ್ಣು ಮರೆತು ಮನೆಗೆ ಓಡಿದಳು.

"ವೇಲೊ! ನಿನ್ನ ಬಿಳಿ ಮನೆ ಮುಂದೆ ಕಲ್ಲಿನ ತೊಟ್ಟಿ ಇತ್ತಾ?"

"ಇತ್ತು. ಮುರಿದ ತೊಟ್ಟಿ. ಯಾಕೆ?"

"ಆ ಮನೆ ಈಗ ಬಿಳಿ ಇಲ್ಲ! ಪೇಂಟ್ ಹೊಡೆದುಬಿಟ್ಟಿದಾರೆ! ನಾವು ನೋಡ್ತಿರೋ ಬಿಳಿ ಮನೆ ಯಾವುದೋ ಹೊಸದು!"

ವೇಲೊ ತೊಡೆ ತಟ್ಟಿ ನಕ್ಕ. ಕೆಮ್ಮು ಬರುವಷ್ಟು ನಕ್ಕ.

"ನನಗೆ ಅದು ಇನ್ನೂ ಬಿಳಿನೇ ಕಣಮ್ಮ!" ಅಂದ.

"ಯಾರು ಹೇಳಿದ್ದು ನಿಂಗೆ?" ಜಾಂದ್ರೊ ಕೇಳಿದ.

"ಒಂದು ಕತ್ತೆ," ಅಂದಳು ಮಿಲೂಷ್ಕ.

*

ಬೆಳಿಗ್ಗೆ ಅಪ್ಪ ಪಕ್ಕದ ಮನೆಯವರ ದೋಣಿ ಕೇಳಿ ತಂದ. ಅಪ್ಪನಿಗೆ ಡೈವಿಂಗ್ ಆಗದು, ಮಾಸ್ಕ್ ಹಾಕಿದರೆ ಸಾಕು, ಸೀನು ಶುರು. ಅವನು ದೋಣಿ ನಡೆಸುವುದು, ವೇಲೊ ಜಾಗ ಹೇಳುವುದು, ಉಳಿದ ಮೂವರು ಇಳಿಯುವುದು ಎಂದಾಯಿತು.

ಕಿತ್ತಳೆ ಮನೆಯೂ ಗುಡ್ಡದ ನೆತ್ತಿಯೂ ನೇರವಾದವು. ಅಪ್ಪ ಎಂಜಿನ್ ನಿಲ್ಲಿಸಿ ಹುಟ್ಟು ಹಿಡಿದ. ಹವಳ ಹಾಳಾಗುತ್ತದೆ ಎಂದು ಇಲ್ಲಿ ಯಾರೂ ಲಂಗರು ಹಾಕುವಂತಿಲ್ಲ.

"ಇನ್ನು ಎಷ್ಟು ದೂರ, ಮಾವ?"

"ಅದನ್ನ ದಾರ ಹೇಳತ್ತೆ." ವೇಲೊ ಮರದ ಹಲಗೆಗೆ ಸುತ್ತಿದ್ದ ತನ್ನ ಹಳೆಯ ದಾರವನ್ನು ತೆಗೆದ.

"ಕೊಕ್ಕೆ ಬೇಡ ವೇಲೊ," ಅಂದಳು ಮಿಲೂಷ್ಕ. "ಕೆಳಗೆ ನಾವಿರ್ತೀವಿ."

"ಬರೀ ಗುಂಡು ಅಷ್ಟೇ. ನಿನ್ನಂಥ ದೊಡ್ಡ ಮೀನು ಸಿಕ್ಕರೆ ನನ್ನ ಕೈಲಿ ಎತ್ತೋಕಾಗತ್ತಾ?"

ಗುಂಡು ನೀರಿಗಿಳಿಯಿತು. ವೇಲೊ ದಾರವನ್ನು ತೋರುಬೆರಳಿನ ಮೇಲೆ ಹಾಯಿಸಿಕೊಂಡು ಕಣ್ಣು ಮುಚ್ಚಿದ. "ಮರಳು," ಅಂದ. ಅಪ್ಪ ಎರಡು ಸಲ ಹುಟ್ಟು ಹಾಕಿದ. "ಮರಳು." ಮತ್ತೆ ಎರಡು ಸಲ. "ಸಣ್ಣ ಕಲ್ಲು... ಮರಳು... ನಿಲ್ಲಿಸು."

ದಾರ ಬಿಗಿಯಾಗಿತ್ತು. ವೇಲೊನ ತುಟಿ ಅಲುಗಿತು.

"ಇಲ್ಲೇ ಇದಾನೆ," ಎಂದ. ಏಳು ವರ್ಷದ ಮೇಲೆ ಹಳೆಯ ನೆಂಟನ ಮನೆಯ ಬಾಗಿಲು ತಟ್ಟಿದವನ ಹಾಗೆ.

ಅಮ್ಮ ಮಿಲೂಷ್ಕಳ ಪಟ್ಟಿಗಳನ್ನೆಲ್ಲ ಇನ್ನೊಮ್ಮೆ ಎಳೆದು ನೋಡಿದಳು. "ನೆನಪಿದೆಯಲ್ಲ? ಏನನ್ನೂ ಮುಟ್ಟಬಾರದು. ಉಸಿರು ಹಿಡಿಯಬಾರದು. ಉಸಿರು ಎಳೆದರೆ ಮೇಲಕ್ಕೇರ್ತೀಯ, ಬಿಟ್ಟರೆ ಇಳೀತೀಯ. ಕೈಕಾಲು ಬಡೀಬೇಡ."

ಅವರು ವೇಲೊನ ದಾರದ ಪಕ್ಕದಲ್ಲೇ ಇಳಿದರು.

ತಲೆ ಮುಳುಗಿದ ಕೂಡಲೇ ಗಾಳಿ, ಅಲೆ, ಅಪ್ಪನ ಮಾತು ಎಲ್ಲ ಒಮ್ಮೆಗೇ ನಿಂತುಹೋದವು. ಉಳಿದದ್ದು ಅವಳದೇ ಉಸಿರು. ಒಳಗೆ ಹೋಗುವಾಗ ಸುಯ್ ಎಂದು, ಹೊರಗೆ ಬರುವಾಗ ಗುಳುಗುಳು ಎಂದು. ಮೂಗು ಹಿಡಿದು ಮೆಲ್ಲಗೆ ಊದಿದಳು. ಕಿವಿಯ ಒತ್ತಡ ಬಿಟ್ಟಿತು. ಪಕ್ಕದಲ್ಲಿ ದಾರ ನೆಟ್ಟಗೆ ನೀಲಿಯೊಳಗೆ ಇಳಿದಿತ್ತು. ದಾರದ ಮೇಲಿನ ತುದಿಯಲ್ಲಿ ವೇಲೊ ಇದ್ದಾನೆ. ಕೆಳತುದಿಯಲ್ಲಿ ಏನಿದೆಯೋ.

ಮೊದಲು ಅದು ನೆರಳಿನ ಹಾಗೆ ಕಂಡಿತು. ಆಮೇಲೆ ಗುಡ್ಡದ ಹಾಗೆ. ಆಮೇಲೆ ಮಿಲೂಷ್ಕ ಇಳಿಯುವುದನ್ನೇ ಮರೆತಳು.

ಹವಳ. ಒಂದೇ ಒಂದು ಹವಳ. ಪಿಕಪ್ ಗಾಡಿಗಿಂತ ದೊಡ್ಡದು, ದೊಡ್ಡಮ್ಮನ ಅಡುಗೆಮನೆಗಿಂತ ದೊಡ್ಡದು. ಗುಂಡಗೆ, ಮಸುಕು ಬಂಗಾರದ ಬಣ್ಣದಲ್ಲಿ, ಯಾವ ಕಾಲದಿಂದಲೋ ಕೂತಿತ್ತು. ಮೈತುಂಬ ಸುತ್ತಿ ಸುತ್ತಿ ಸಾಗುವ ಗೀರುಗಳು. ಒಂದು ಗೀರನ್ನು ಕಣ್ಣಲ್ಲೇ ಹಿಡಿದು ಹೋದರೆ ಅದು ಇನ್ನೊಂದಕ್ಕೆ ಸೇರುತ್ತಿತ್ತು, ಅದು ಮತ್ತೊಂದಕ್ಕೆ. ಕೊನೆಯೇ ಇರಲಿಲ್ಲ. ಗೀರುಗಳ ನಡುವೆ ಉಗುರಿನಷ್ಟೇ ದೊಡ್ಡ ಹುಳುಗಳು ಬಣ್ಣದ ಕೊಡೆ ಬಿಚ್ಚಿಕೊಂಡಿದ್ದವು. ಅವಳ ನೆರಳು ಬಿದ್ದದ್ದೇ ಕೊಡೆಗಳೆಲ್ಲ ಪಟ್ಟನೆ ಮುಚ್ಚಿಕೊಂಡವು. ಎಲ್ಲೋ ಒಂದು ಗಿಳಿಮೀನು ಸತ್ತ ಹವಳದ ತುಂಡನ್ನು ಹುರಿಗಡಲೆ ತಿಂದ ಹಾಗೆ ಕರಕರ ಕಡಿಯುತ್ತಿತ್ತು.

ಅಷ್ಟು ದೊಡ್ಡದು. ಅಷ್ಟು ಸುಮ್ಮನೆ. ಮಿಲೂಷ್ಕ ತನಗೇ ಗೊತ್ತಿಲ್ಲದೆ ಎರಡೂ ಕೈಗಳನ್ನು ಎದೆಗೆ ಒತ್ತಿಕೊಂಡಳು.

ಅಮ್ಮ, ಜಾಂದ್ರೊ ಇಬ್ಬರೂ ಹವಳದ ಆಚೆ ಬದಿಗೆ ಸುತ್ತಿದರು. ಅಮ್ಮನ ಮುಖ ಮೇಲಂಚಿನ ಮೇಲಿಂದ ಕಾಣುತ್ತಲೇ ಇತ್ತು. ಆಗ ಮಿಲೂಷ್ಕಳಿಗೆ ಗುಂಡುಗಳು ಕಂಡವು.

ಹವಳ ಅವನ್ನು ಕದ್ದಿರಲಿಲ್ಲ. ಅವುಗಳ ಸುತ್ತ ಬೆಳೆದಿತ್ತು. ಬಟ್ಟೆಯೊಳಗೆ ನೂಲು ಹೋದ ಹಾಗೆ ಹಳೆಯ ದಾರಗಳು ಅದರ ಮೈಯೊಳಗೆ ಹೋಗಿ ಮಾಯವಾಗಿದ್ದವು. ಕೆಲವು ಗುಂಡುಗಳು ಬರೀ ಉಬ್ಬುಗಳು. ಒಂದು ಮಾತ್ರ ಅರ್ಧ ಹೊರಗಿತ್ತು. ಅದರ ಮೇಲೆ ಎರಡು ಗೀಟು.

ವೇಲೊನ ಗುಂಡು! ಕೈ ಚಾಚಿದರೆ ಸಿಗುತ್ತಿತ್ತು. ಒಂದು ಸಲ ಬಲವಾಗಿ ಅಲ್ಲಾಡಿಸಿದರೆ ಬಂದೇಬಿಡುತ್ತಿತ್ತೇನೋ.

ಅದರ ಪಕ್ಕದಲ್ಲೇ ತಟ್ಟೆಯಷ್ಟು ಅಗಲದ ಹಳೆಯ ಗಾಯ. ಅಲ್ಲಿ ಗೀರುಗಳಿರಲಿಲ್ಲ, ಬರೀ ಪಾಚಿ. ಯಾವತ್ತೋ ಯಾರೋ ಬಲವಾಗಿ ಜಗ್ಗಿದ್ದಾಗ ಒಂದು ಚೂರು ಕಿತ್ತುಬಂದಿತ್ತು.

ಯಾರೋ ಅಲ್ಲ. ಇಲ್ಲಿ ದಾರ ಜಗ್ಗುತ್ತಿದ್ದವರು ಯಾರು ಅಂತ ಅವಳಿಗೆ ಗೊತ್ತಿತ್ತು.

ಅವಳು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಅಷ್ಟರಲ್ಲಿ ಪಕ್ಕದಲ್ಲಿ ಇವತ್ತು ಇಳಿಬಿಟ್ಟಿದ್ದ ದಾರ ಬಿಗಿಯಾಯಿತು. ಮೇಲೆ ವೇಲೊ ಎಳೆಯುತ್ತಿದ್ದ. ಕೆಳಗೆ ಗುಂಡು ಒಂದು ಗೀರಿನಲ್ಲಿ ಸಿಕ್ಕಿಕೊಂಡಿತ್ತು. ದಾರ ಉಜ್ಜಿದ ಕಡೆ ಹಳದಿ ಪುಡಿ ಎದ್ದಿತು. ಇನ್ನೂ ಜೋರಾಗಿ ಎಳೆದರೆ?

ಕೂಗಿ ಹೇಳುವ ಹಾಗಿಲ್ಲ. ಕಾಲು ಬಡಿದು ಹೋದರೆ ಫಿನ್ಸ್ ತಾಗುತ್ತದೆ. ಹವಳವನ್ನು ಹಿಡಿದು ನಿಲ್ಲುವ ಹಾಗೂ ಇಲ್ಲ. ಮಿಲೂಷ್ಕ ನಿಧಾನವಾಗಿ ಉಸಿರು ಬಿಟ್ಟಳು. ಒಂದು ಗೇಣು ಇಳಿದಳು. ಇನ್ನೊಂದಿಷ್ಟು ಬಿಟ್ಟಳು. ಈಗ ಗುಂಡು ಅವಳ ಕಣ್ಣಿನ ಮಟ್ಟಕ್ಕೆ ಬಂತು. ಮೇಲೆ ಅಲೆಗೆ ದೋಣಿ ತಗ್ಗಿ ದಾರ ಸಡಿಲಾದದ್ದೇ ತಡ, ಎರಡೇ ಬೆರಳಲ್ಲಿ ಗುಂಡನ್ನು ಹಿಡಿದು, ಮಲಗಿದ ಮಗುವಿನ ಕೈಯಿಂದ ಆಟಿಕೆ ತೆಗೆಯುವ ಹಾಗೆ ಎತ್ತಿದಳು.

ಬಂತು. ಹವಳಕ್ಕೆ ಅವಳ ಉಗುರೂ ತಾಗಿರಲಿಲ್ಲ.

ಉಸಿರು ಎಳೆದಳು. ಮೆಲ್ಲಗೆ ಮೇಲೆದ್ದಳು. ಆಮೇಲೆ ದಾರವನ್ನು ಎರಡು ಸಲ ಜಗ್ಗಿದಳು. ಟುಕ್, ಟುಕ್.

ದಾರ ಅಲುಗದೆ ನಿಂತಿತು. ಬಹಳ ಹೊತ್ತು ನಿಂತಿತು. ಗಿಳಿಮೀನು ಕೂಡ ಕಡಿಯುವುದನ್ನು ನಿಲ್ಲಿಸಿದ ಹಾಗಿತ್ತು.

ಆಮೇಲೆ ಮೇಲಿನಿಂದ ಉತ್ತರ ಬಂತು. ಟುಕ್, ಟುಕ್.

*

"ಮಾವನ ಮುಖ ನೋಡ್ಬೇಕಿತ್ತು ನೀವು!" ಅಪ್ಪ ಅವಳ ಸಿಲಿಂಡರನ್ನು ಮೇಲಕ್ಕೆ ಎಳೆದುಕೊಳ್ಳುತ್ತ ಅಂದ. "ನಲವತ್ತು ವರ್ಷದಲ್ಲಿ ಕಳ್ಳ ಮೊದಲ ಸಲ ಮಾತಾಡಿದ ಅಂದ್ರು!"

ಜಾಂದ್ರೊ ದೋಣಿ ಹತ್ತಿ ಅವಳ ಪಕ್ಕದಲ್ಲಿ ಕೂತ. ಮೂಗು ಒರೆಸಿಕೊಂಡು, ಎತ್ತಲೋ ನೋಡುತ್ತ, "ಒಂಚೂರೂ ಮರಳು ಏಳ್ಲಿಲ್ಲ ಕಣೇ," ಅಂದ.

ವೇಲೊ ದಾರವನ್ನು ಹಲಗೆಗೆ ಸುತ್ತುತ್ತಿದ್ದ. "ತಂದ್ಯಾ?"

"ಇಲ್ಲ ವೇಲೊ."

"ಸಿಗ್ಲಿಲ್ವಾ?"

"ಸಿಕ್ತು. ಎರಡು ಗೀಟಿನದ್ದು. ನಿನ್ನ ಗುಂಡು ಎಲ್ಲಾ ಅಲ್ಲೇ ಇವೆ." ಅವಳು ವೇಲೊನ ಪಕ್ಕಕ್ಕೆ ಸರಿದಳು. "ಅದು ಕಲ್ಲಲ್ಲ ವೇಲೊ, ಹವಳ. ಜೀವ ಇದೆ ಅದಕ್ಕೆ. ನಿನ್ನ ಗುಂಡುಗಳ ಮೇಲೇ ಬೆಳ್ಕೊಂಡಿದೆ. ಕಿತ್ರೆ ಅದೂ ಕಿತ್ತು ಬರತ್ತೆ."

"ನಿನ್ನ ಅಜ್ಜನ ಅಜ್ಜ ಹುಟ್ಟೋಕ್ಕಿಂತ ಮುಂಚಿನದು ಅಪ್ಪಾ ಅದು," ಅಂದಳು ಅಮ್ಮ ಮೆಲ್ಲಗೆ.

ಹಲಗೆ ತಿರುಗಿಸುತ್ತಿದ್ದ ವೇಲೊನ ಕೈ ನಿಂತಿತು.

"ನಾನು ಅಷ್ಟೊಂದು ಜಗ್ತಿದ್ದೆನಲ್ಲ," ಅಂದ. "ಏನಾದ್ರೂ ಆಗಿದ್ಯಾ ಅದಕ್ಕೆ?"

ಮಿಲೂಷ್ಕ ಅಮ್ಮನ ಕಡೆ ನೋಡಿದಳು.

"ಒಂದು ಕಡೆ ಮುರಿದಿದೆ," ಅಂದಳು ಮಿಲೂಷ್ಕ. "ತಟ್ಟೆಯಷ್ಟಗಲ. ಉಳಿದಿದ್ದೆಲ್ಲ ಚೆನ್ನಾಗಿದೆ."

ವೇಲೊ ತಲೆಯಾಡಿಸಿದ. ಆಮೇಲೆ ಕೇಳಿದ, "ನೋಡೋಕೆ ಹೇಗಿದೆ?"

"ದೊಡ್ಡದು. ತುಂಬಾ..." ಎಂದು ಶುರು ಮಾಡಿ ನಿಲ್ಲಿಸಿದಳು. ಪಿಕಪ್ ಗಾಡಿ, ಅಡುಗೆಮನೆ, ಬಂಗಾರ, ಯಾವುದೂ ಅದರ ಹಾಗಿರಲಿಲ್ಲ.

ಅವಳು ವೇಲೊನ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ತೋರುಬೆರಳನ್ನು ಬಿಡಿಸಿದಳು. ನಲವತ್ತು ವರ್ಷ ದಾರ ಓಡಿ ಓಡಿ ಆ ಬೆರಳ ತುಂಬ ಗೀರುಗಳು ಬಿದ್ದಿದ್ದವು. ಸುತ್ತಿ, ಬಳಸಿ, ಒಂದರೊಳಗೊಂದು ಸೇರಿಹೋದ ಗಟ್ಟಿ ಗೀರುಗಳು. ಅವಳು ಅವನದೇ ಎಡಗೈಯ ಹೆಬ್ಬೆರಳನ್ನು ಹಿಡಿದು ಅವುಗಳ ಮೇಲೆ ಇಟ್ಟಳು. ನಿಧಾನವಾಗಿ ಆಡಿಸಿದಳು.

"ಹೀಗಿದೆ," ಅಂದಳು.

ವೇಲೊನ ಹೆಬ್ಬೆರಳು ಆಮೇಲೆ ತಾನಾಗಿಯೇ ಆಡತೊಡಗಿತು. ಒಂದು ಗೀರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಅವನ ಕಣ್ಣು ಮುಚ್ಚಿತ್ತು.

ಅಪ್ಪ ಎಂಜಿನ್ನಿನ ಹಗ್ಗಕ್ಕೆ ಕೈ ಹಾಕಿದ. ಮಿಲೂಷ್ಕ ಅಂಗೈ ಎತ್ತಿ ತೋರಿಸಿದಳು, ನೀರಿನೊಳಗೆ 'ತಡಿ' ಎನ್ನಲು ತೋರಿಸುವ ಹಾಗೆ.

ಅಪ್ಪ ಕೈ ಹಿಂದಕ್ಕೆ ತೆಗೆದುಕೊಂಡ. ದೋಣಿ ಅಲ್ಲೇ ಮೆಲ್ಲಗೆ ತೂಗುತ್ತಿತ್ತು.